ಅಣ್ಣನ ಕಾರಿಗೆ ನಾಲ್ಕು ಟೈರು

ನವೆಂಬರ್ ೪, ಸೋಮವಾರ. ಮಧ್ಯಾಹ್ನ ೨

ಮೊದಲನೆಯ ಸಿಟ್ಟಿಂಗ್ ಮುಗಿಯಿತು. ಇನ್ನು ಇಪ್ಪತ್ತೊಂಬತ್ತು. ಬೆಳಿಗ್ಗೆ ಆರೂವರೆಗೆ ಹೊರಟು ನಲವತ್ತಾರು ಕಿಲೋಮೀಟರ್, ಏಳು ನಲವತ್ತಕ್ಕೆ ಅಣ್ಣ ರೇಡಿಯೇಷನ್ ಮಿಷನ್ ಕೆಳಗೆ. ಹತ್ತೇ ನಿಮಿಷದ ಕೆಲಸ. ವಾಪಸ್ ಬಂದು ಅವನನ್ನು ಕೆಳಗಿನ ಮನೆಯಲ್ಲಿ ಮಲಗಿಸಿ ನಾನು ಕೆಲಸಕ್ಕೆ, ಕೃತಕ ಹಲ್ಲು ಮಾಡುವ ಲ್ಯಾಬಿಗೆ. ಎರಡು ಸೆಟ್ ಹಲ್ಲು ಇವತ್ತೇ ಹಲ್ಲಿನ ಡಾಕ್ಟರಿಗೆ ತಲುಪಬೇಕಿತ್ತು. ತಲುಪಿದವು.

ನೋವಿನ ಮಾತ್ರೆ ನಿದ್ದೆ ತರಿಸುತ್ತದೆ, ಸ್ಟೀರಿಂಗ್ ಮುಟ್ಟಲೇಬಾರದು ಎಂದಿದ್ದಾರೆ ಡಾಕ್ಟರ್. ಮನೆಗಿರುವುದು ಅವನದೊಂದೇ ಕಾರು — ಎರಡು ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಸ್ಪೋರ್ಟ್ಸ್ ಕಾರು. ಈ ಚಳಿಯೂರಿನಲ್ಲಿ ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿ, ರಿಟೈರ್ ಆದ ವಾರ ಕೊಂಡದ್ದು. ಮೇಲೆ ಕೆಳಗೆ ಹೋದದ್ದು ಸಾಕು, ಇನ್ನು ಉದ್ದಕ್ಕೆ ಹೋಗುತ್ತೇನೆ ಅಂದಿದ್ದ. ಹನ್ನೊಂದು ವರ್ಷದಿಂದ ಯಾರ ಕೈಗೂ ಕೀ ಕೊಟ್ಟವನಲ್ಲ.

ಇವತ್ತು ದಾರಿಯುದ್ದಕ್ಕೂ ಪಾಠ. “ಕ್ಲಚ್ ಮೇಲೆ ಕಾಲಿಟ್ಕೊಂಡು ಕೂರಬೇಡ.” “ಗೇರ್ ಹಾಕ್ತಿದೀಯಾ, ಹಿಟ್ಟು ಕಲಸ್ತಿದೀಯಾ?” ಸುಮ್ಮನೆ ಕೇಳಿಸಿಕೊಂಡೆ. ಬೈಯುವ ಶಕ್ತಿ ಇದೆಯಲ್ಲ, ಅದೇ ಪುಣ್ಯ.

ಟೈರು ಸವೆದಿವೆ. ಹಿಂದಿನವಂತೂ ನುಣ್ಣಗೆ. ಈ ವಾರವೇ ನೋಡಬೇಕು.

ನವೆಂಬರ್ ೭, ಗುರುವಾರ. ಸಂಜೆ

ಲ್ಯಾಬಿನಿಂದ ನೇರ ಟೈರಿನ ಅಂಗಡಿಗೆ. ಅಂಗಡಿಯವರು ಅಣ್ಣನಿಗೆ ಹಳೆಯ ಪರಿಚಯ. ಟೈರಿನ ಗೀರುಗಳಲ್ಲಿ ಅಳತೆಯ ಕಡ್ಡಿ ಇಟ್ಟು ನೋಡಿ ತಲೆಯಾಡಿಸಿದರು. ನಾಲ್ಕೂ ಬದಲಿಸಬೇಕು.

ಎರಡು ದಾರಿ. ಒಂದು — ಕಾರಿನ ಕಂಪನಿಯೇ ಪರೀಕ್ಷೆ ಮಾಡಿ ಒಪ್ಪಿದ, ಬೇಸಿಗೆಗೆಂದೇ ಮಾಡಿದ ಸಮ್ಮರ್ ಟೈರು. ಪಕ್ಕದಲ್ಲಿ ಸಣ್ಣ ಗುರುತು ಒತ್ತಿರುತ್ತಾರೆ. ಆ ಗುರುತಿಲ್ಲದ್ದನ್ನು ಅಣ್ಣ ಹಾಕಿಸಿದ್ದೇ ಇಲ್ಲ. ಇನ್ನೊಂದು — ಎಲ್ಲ ಕಾಲಕ್ಕೂ ಆಗುವ ಆಲ್ ಸೀಸನ್. ಅದೇ ಅಳತೆ. ಗುರುತಿಲ್ಲ.

ಯಾವುದು ಒಳ್ಳೆಯದು ಎಂದು ಕೇಳಿದೆ.

“ನಿಮ್ಮಣ್ಣ ಓಡಿಸೋದಾದ್ರೆ, ಬಿಸಿಲಲ್ಲಿ, ಒಣ ರೋಡಲ್ಲಿ, ಸಮ್ಮರ್‌ಗೆ ಸಾಟಿ ಇಲ್ಲ. ಆದ್ರೆ ಈಗ ನೀವು ಹೊರಡೋದು ಎಷ್ಟೊತ್ತಿಗೆ?”

“ಬೆಳಿಗ್ಗೆ ಆರೂವರೆ.”

ಹಿಂದಿನ ಶೆಡ್ಡಿಗೆ ಕರೆದೊಯ್ದು, ಚಳಿಯಲ್ಲಿ ಬಿದ್ದಿದ್ದ ಎರಡು ಟೈರು ತೋರಿಸಿ ಉಗುರು ಒತ್ತಿ ನೋಡಿ ಅಂದರು. ಸಮ್ಮರ್ ಟೈರು ಬಕೆಟ್ಟಿನ ಪ್ಲಾಸ್ಟಿಕ್ಕಿನ ಹಾಗಿತ್ತು. ಇನ್ನೊಂದು ಸ್ವಲ್ಪ ತಗ್ಗಿತು.

“ಏಳು ಡಿಗ್ರಿಗಿಂತ ಕೆಳಗೆ ಹೋದ್ರೆ ಈ ಸಮ್ಮರ್ ಮರಗಟ್ಟುತ್ತೆ ಅಕ್ಕ. ರೋಡನ್ನ ಸರಿಯಾಗಿ ಹಿಡಿಯಲ್ಲ. ಕೇಳಿದ್ದು ಕೊಟ್ಟು ಕೈ ತೊಳ್ಕೋಬಹುದು ನಾನು. ಮನಸ್ಸು ಬರಲ್ಲ.”

ಹೀಗೆ ಹೇಳುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ.

ನವೆಂಬರ್ ೮, ಶುಕ್ರವಾರ

ಅಣ್ಣನಿಗೆ ಹೇಳಿದೆ. ಸೂಪು ಕುಡಿಯುತ್ತಿದ್ದವನು ಬಟ್ಟಲು ಕೆಳಗಿಟ್ಟ.

“ಎಲ್ಲಾ ಕಾಲಕ್ಕೂ ಆಗೋದು ಅಂದ್ರೆ ಯಾವ ಕಾಲಕ್ಕೂ ಪೂರ್ತಿ ಆಗದೇ ಇರೋದು. ಕಾರು ಮಾಡಿದೋರಿಗಿಂತ ನಿನಗೆ ಹೆಚ್ಚು ಗೊತ್ತಾ?”

“ಬೆಳಿಗ್ಗೆ ಓಡಿಸೋಳು ನಾನು ಅಣ್ಣ. ಆ ಚಳೀಲಿ —”

“ನನ್ನ ಕಾರು ಕಣೇ. ಅದಕ್ಕೆ ನಾನು ಹೇಳಿದ ಟೈರು.”

ದನಿ ಏರಿಸಲಿಲ್ಲ. ಆದರೆ ಅರ್ಧ ಉಳಿದ ಸೂಪನ್ನು ಮತ್ತೆ ಮುಟ್ಟಲಿಲ್ಲ. ಆ ಬಟ್ಟಲು ನೋಡಿಕೊಂಡು ವಾದ ಮಾಡಲಾಗಲಿಲ್ಲ. ಫೋನ್ ಮಾಡಿ ಸಮ್ಮರ್ ಆರ್ಡರ್ ಕೊಟ್ಟೆ. ಮುಂದಿನ ಗುರುವಾರ ಬರುತ್ತವಂತೆ. ಅಂಗಡಿಯವರು “ಆಯ್ತು ಅಕ್ಕ. ಅಲ್ಲಿವರೆಗೆ ನಿಧಾನ ಹೋಗಿ” ಅಂದರು.

ಸರಿ ಮಾಡಿದೆನಾ? ಲ್ಯಾಬಿನಲ್ಲಾದರೆ ಇಷ್ಟು ಒದ್ದಾಡುವವಳಲ್ಲ. ಎಷ್ಟೇ ಚಂದದ ಹಲ್ಲಾದರೂ ಆ ಬಾಯಿಗೆ ಕೂರದಿದ್ದರೆ ತೆಗೆದಿಡುತ್ತೇನೆ. ಇಲ್ಲಿ ಬಾಯಿ ಅಣ್ಣನದು…

ನವೆಂಬರ್ ೧೨, ಮಂಗಳವಾರ. ಬೆಳಿಗ್ಗೆ ೮, ಆಸ್ಪತ್ರೆಯ ಬೆಂಚು

ಬರುವಾಗ ಕಾರು ಜಾರಿತು.

ಮೂರು ಡಿಗ್ರಿ. ದೊಡ್ಡ ಸರ್ಕಲ್ಲಿನ ತಿರುವು. ರೋಡು ಒದ್ದೆ. ಜೋರಾಗೇನೂ ಹೋಗುತ್ತಿರಲಿಲ್ಲ. ಬ್ರೇಕ್ ಒತ್ತಿದೆ — ಕಾರಿನ ಹಿಂಭಾಗ ನನ್ನನ್ನು ಕೇಳದೆ ತಾನೇ ಒಂದು ಕಡೆ ಹೊರಟಿತು. ಎಷ್ಟು ಮೆತ್ತಗೆ ಅಂದರೆ, ಸದ್ದೇ ಇಲ್ಲ. ಪಕ್ಕದಿಂದ ಅಣ್ಣನ ದನಿ. ಲಿಫ್ಟಿನಲ್ಲಿ ಸಿಕ್ಕಿಕೊಂಡವರೊಂದಿಗೆ ಹೊರಗಿನಿಂದ ಮಾತಾಡುತ್ತಿದ್ದನಲ್ಲ, ಆ ದನಿ. “ಬ್ರೇಕ್ ಬಿಡು. ಹೋಗಬೇಕಾದ ಕಡೆ ಸ್ಟೀರಿಂಗ್ ತಿರುಗಿಸು. ಹಾಂ. ಅಷ್ಟೇ.”

ಒಂದು ಚಕ್ರ ಹುಲ್ಲಿನ ಮೇಲೆ ಹತ್ತಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ದೂರದಲ್ಲೇ ಬಸ್ಸನ್ನು ಅಡ್ಡ ನಿಲ್ಲಿಸಿಕೊಂಡು, ನಾವು ಹೊರಡುವವರೆಗೂ ಯಾವ ಗಾಡಿಯನ್ನೂ ಮುಂದೆ ಬಿಡಲಿಲ್ಲ. ಮುಖ ಕಾಣಲಿಲ್ಲ. ಎಲ್ಲಿದ್ದರೂ ಅವನ ಹೊಟ್ಟೆ ತಣ್ಣಗಿರಲಿ.

ಹದಿನೈದು ನಿಮಿಷ ತಡ. “ನಿಮ್ಮ ನಂತರದೋರನ್ನ ಒಳಗೆ ಕಳಿಸಿದೀನಿ, ಮೊದಲು ಕೂತ್ಕೊಳ್ಳಿ,” ಅಂದಳು ಮಿಷನ್ ನಡೆಸುವ ಟೆಕ್ನಿಷಿಯನ್. ನೀರು ತಂದು ಕೈಗಿಟ್ಟಳು.

ಅಣ್ಣ ಕಿಟಕಿಯಿಂದ ಹೊರಗೆ ನಿಂತ ಕಾರನ್ನೇ ನೋಡುತ್ತಿದ್ದಾನೆ.

ನವೆಂಬರ್ ೧೩, ಬುಧವಾರ. ಸಂಜೆ

ವಾಪಸ್ ಬರುವಾಗ, “ಟೈರಿನ ಅಂಗಡಿ ಕಡೆ ತಿರುಗಿಸು” ಅಂದ. ಕಾರಿನಿಂದ ಇಳಿಯಲು ಎರಡು ನಿಮಿಷ ಬೇಕಾಯಿತು. ಕೈ ಕೊಡಹೋದರೆ ಬೇಡವೆಂದ. ಶೆಡ್ಡಿನಲ್ಲಿ ತಾನೇ ಬಗ್ಗಿ ಎರಡೂ ಟೈರಿಗೆ ಉಗುರು ಒತ್ತಿದ. ಅಂಗಡಿಯವರು ಸ್ಟೂಲ್ ತಂದಿಟ್ಟರು.

“ಹಳೇದು ಸವೆದಿತ್ತು, ಅದಕ್ಕೆ ಜಾರ್ತು ಅಂತ ನಿನ್ನೆಯೆಲ್ಲಾ ನನಗೆ ನಾನೇ ಹೇಳ್ಕೊಂಡೆ,” ಅಂದ ಅಣ್ಣ. “ಹೊಸ ಸಮ್ಮರ್ ಇದ್ದಿದ್ರೆ ನಿಲ್ತಿತ್ತಾ?”

“ಇದಕ್ಕಿಂತ ವಾಸಿ,” ಅಂದರು ಅಂಗಡಿಯವರು. “ಆದ್ರೆ ಆ ಚಳೀಲಿ, ಆ ಟೈರಲ್ಲಿ, ನನ್ನ ಸ್ವಂತ ತಂಗಿ ಆಗಿದ್ರೆ ನಾನು ಕಳಿಸ್ತಿರಲಿಲ್ಲ.”

ಅಣ್ಣ ಸ್ಟೂಲಿನಿಂದ ಎದ್ದ. “ಆಲ್ ಸೀಸನ್ ಹಾಕಿ.”

ಕೊಟ್ಟ ಆರ್ಡರ್ ಕಥೆ ಏನು ಎಂದು ನಾನು ಕೇಳಿದರೆ, ಅದನ್ನು ನನಗೆ ಬಿಡಿ ಅಂದರು ಅಂಗಡಿಯವರು.

ಕಾರಿನಲ್ಲಿ ಕೂತ ಮೇಲೆ ಅಣ್ಣ ಬೆಲ್ಟ್ ಹಾಕಿಕೊಳ್ಳಲಿಲ್ಲ. ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದ.

“ಆ ಟೈರೇ ಯಾಕೆ ಬೇಕಿತ್ತು ಗೊತ್ತಾ ಪುಟ್ಟಿ? ಅದನ್ನ ಹಾಕಿಸಿಬಿಟ್ರೆ ಬೇಸಿಗೇಲಿ ನಾನೇ ಓಡಿಸ್ತೀನಿ ಅಂತ ಗಟ್ಟಿಯಾಗ್ತಿತ್ತು. ಇದನ್ನ ಹಾಕಿಸಿದ್ರೆ, ನಾನು ಇನ್ನು ಎದ್ದೇಳಲ್ಲ ಅಂತ ಒಪ್ಕೊಂಡ ಹಾಗೆ ಅನ್ನಿಸ್ತಿತ್ತು. ನನ್ನ ಭಯ ನೋಡ್ಕೊಂಡೆ. ನಿನ್ನ ಜೀವ ನೋಡಲಿಲ್ಲ.”

ಐವತ್ತೆರಡು ವರ್ಷದಲ್ಲಿ ಅಣ್ಣ ನನ್ನ ಮುಂದೆ ಭಯ ಅನ್ನುವ ಮಾತಾಡಿದ್ದು ಇದೇ ಮೊದಲು. ಅವನ ಕೈಯಿಂದ ಬೆಲ್ಟ್ ತೆಗೆದುಕೊಂಡು ನಾನೇ ಹಾಕಿದೆ. ಗೇರ್ ಹಾಕುವಾಗ ಕರಕರ ಅಂದಿತು.

“ಟೈರಿನ ವಿಷಯದಲ್ಲಿ ಸೋತೆ ಅಂತ ಇದನ್ನೂ ಸಹಿಸ್ಕೋತೀನಿ ಅಂದ್ಕೋಬೇಡ,” ಅಂದ.

ನಕ್ಕೆ. ಕಣ್ಣು ಮಂಜಾಗಿ ಸ್ವಲ್ಪ ಹೊತ್ತು ಕಾರನ್ನು ಅಲ್ಲೇ ನಿಲ್ಲಿಸಿಕೊಂಡಿದ್ದೆ.

ನವೆಂಬರ್ ೧೫, ಶುಕ್ರವಾರ

ನಾಲ್ಕೂ ಹೊಸ ಟೈರು. ಇವತ್ತು ಎರಡು ಡಿಗ್ರಿ. ಅದೇ ಸರ್ಕಲ್ ಬಂದಾಗ ಬೆನ್ನು ಬೆವರಿತು. ಕಾರು ಮಾತ್ರ ಹೇಳಿದ ಹಾಗೆ ತಿರುಗಿತು.

ಅಣ್ಣನ ತಕರಾರು: ಸ್ಟೀರಿಂಗ್ ಮೆತ್ತಗಾಗಿದೆ. ಸದ್ದು ಬೇರೆ. ತಿರುವಿನಲ್ಲಿ ಕಾರು ಯೋಚನೆ ಮಾಡಿ ಆಮೇಲೆ ತಿರುಗುತ್ತದೆ. ನಿಜ ಇರಬಹುದು. ನನಗೆ ಯೋಚನೆ ಮಾಡುವ ಕಾರೇ ಇರಲಿ.

ನವೆಂಬರ್ ೨೮, ಗುರುವಾರ

ಹತ್ತೊಂಬತ್ತನೆಯ ಸಿಟ್ಟಿಂಗ್. ಮಂಜಿನ ಹನಿ, ಒದ್ದೆ ಎಲೆ, ಕತ್ತಲು ಬಿಡದ ಬೆಳಗು. ಹೊರಟು ಕಾಲು ಗಂಟೆಯಾದರೂ ಪಕ್ಕದಿಂದ ಪಾಠವಿಲ್ಲ. ತಿರುಗಿ ನೋಡಿದರೆ ಅಣ್ಣ ನಿದ್ದೆ. ಬಾಯಿ ಸ್ವಲ್ಪ ತೆರೆದು, ಮಗುವಿನಂತೆ.

ಬೇರೆಯವರು ಓಡಿಸುವ ಕಾರಿನಲ್ಲಿ ಅವನು ರೆಪ್ಪೆ ಮುಚ್ಚಿದ್ದನ್ನು ನಾನು ಕಂಡಿಲ್ಲ. ಮಾತ್ರೆಯದೇ ಕೆಲಸ ಇರಬಹುದು. ಇರಲಿ. ಉಳಿದ ದಾರಿಯಿಡೀ ಒಂದು ಗುಂಡಿಗೂ ಇಳಿಸದೆ ಕರೆದುಕೊಂಡು ಹೋದೆ. ಇಷ್ಟು ದೊಡ್ಡ ಬಹುಮಾನ ನನಗೆ ಯಾರೂ ಕೊಟ್ಟಿರಲಿಲ್ಲ.

ಡಿಸೆಂಬರ್ ೧೩, ಶುಕ್ರವಾರ

ಮೂವತ್ತು. ಮುಗಿಯಿತು. ಟೆಕ್ನಿಷಿಯನ್ ಬಾಗಿಲವರೆಗೂ ಬಂದಳು. “ಮತ್ತೆ ಬರಬೇಡಿ” ಅಂದಳು ನಗುತ್ತ. ಅಣ್ಣ ಅವಳಿಗೆ ಕೈ ಮುಗಿದ. ನಾನೂ.

ಮಾರ್ಚ್ ೬, ಗುರುವಾರ

ಮೂರು ತಿಂಗಳಾಯಿತು ಬರೆದು. ಬರೆದರೆ ಏನಾದರೂ ಕೆಟ್ಟದ್ದು ಬರೆಯಬೇಕಾದೀತು ಎಂದು ಮುಟ್ಟಿರಲಿಲ್ಲ. ಇವತ್ತು ಸ್ಕ್ಯಾನ್ ರಿಪೋರ್ಟ್. ಗಡ್ಡೆ ಕಾಣುತ್ತಿಲ್ಲ. ಕಾಣುತ್ತಿಲ್ಲ ಅಂದರೆ ಹೋಯಿತು ಅಂತಲ್ಲ, ನೋಡ್ತಾ ಇರಬೇಕು ಅಂದರು ಡಾಕ್ಟರ್. ನೋಡುತ್ತೇವೆ. ಮಾತ್ರೆ ನಿಂತಿತು.

ಏಪ್ರಿಲ್ ೧೨, ಶನಿವಾರ. ಬೆಳಿಗ್ಗೆ ೧೦

ಕಾರಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿದೆ. ಓಡಿಸುತ್ತಿರುವುದು ಅಣ್ಣ.

ಡಾಕ್ಟರ್ ಒಪ್ಪಿದ್ದು ನಿನ್ನೆ. ಇವತ್ತು ಎಂಟಕ್ಕೇ ಕಾರು ತೊಳೆದು ನಿಂತಿದ್ದ. ಬಿಸಿಲು ಚೆನ್ನಾಗಿದೆ, ರೋಡು ಒಣಗಿದೆ. ಪ್ರತಿ ತಿರುವಿಗೂ ಗೊಣಗುತ್ತಿದ್ದಾನೆ. ಹಾಗಾದರೆ ಸಮ್ಮರ್ ಟೈರೇ ಹಾಕಿಸೋಣ, ಈಗ ನೀನೇ ಓಡಿಸುತ್ತೀಯಲ್ಲ ಅಂದೆ.

“ಬೇಡ. ಇವು ಸವೆಯೋಕೆ ನಾಲ್ಕು ವರ್ಷ ಬೇಕು,” ಅಂದ. “ಅಷ್ಟು ವರ್ಷ ಗೊಣಗೋಕೆ ನನಗೆ ಕೆಲಸ ಆಯ್ತು.”

ನಾಲ್ಕು ವರ್ಷ. ಲೆಕ್ಕ ಅವನೇ ಹಾಕಿದ್ದು.

ಮೂವತ್ತು ದಿನ ಇದೇ ದಾರಿಯಲ್ಲಿ ಓಡಾಡಿದ್ದೇನೆ, ರೋಡು ಬಿಟ್ಟು ಏನನ್ನೂ ನೋಡಿರಲಿಲ್ಲ. ಎಡಕ್ಕೆ ಒಂದು ನದಿ ಇದೆ. ಇಷ್ಟು ದೊಡ್ಡದು. ಅದರ ಆಚೆ ದಡದಲ್ಲಿ — ಬರೆದದ್ದು ಸಾಕು, ಪುಸ್ತಕ ಮುಚ್ಚಿ ಆ ಕಡೆ ನೋಡು ಅಂತಿದ್ದಾನೆ ಅಣ್ಣ. ಮುಚ್ಚುತ್ತಿದ್ದೇನೆ.