ಒಳಗೆ ಹಿಡಿದ ಹೊಲಿಗೆ

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ತಂಗಿ, ನನ್ನ ಪಿಟೀಲೇ,

ನಿನ್ನ ಮೂರು ಕಾಗದಗಳಲ್ಲಿ ಒಂದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀ. ಬೈದುಕೋ. ಯೂನಿಫಾರಂ ಹೊಲಿಗೆ ರಾಶಿ ಬಿದ್ದಿದೆ ಅಂತ ನೆಪ ಹೇಳಬಹುದಿತ್ತು. ನಿನ್ನ ಹತ್ತಿರ ಸುಳ್ಳು ಹೇಳಿ ಸಾಕಾಗಿದೆ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಭಾವ ಹಲ್ಲು ಕೀಳಿಸಿಕೊಂಡು ಮೂರು ದಿನ ಮಾತಾಡಲಿಲ್ಲ, ಮನೆ ಸ್ವರ್ಗವಾಗಿತ್ತು.

ನಿನ್ನ ಮಗುವಿನ ಹೃದಯದಲ್ಲಿ ಹುಟ್ಟಿನಿಂದಲೇ ತೂತಿದೆ, ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಸುಸ್ತಾಗುತ್ತದೆ, ಅದಕ್ಕೇ ಮೈ ಹತ್ತಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಬರೆದಿದ್ದೀ. ಆಪರೇಷನ್‌ಗೆ ಇನ್ನೂ ಒಂದು ಕಿಲೋ ಏರಬೇಕಂತೆ. "ಮೂರು ತಿಂಗಳು ಮೊದಲೇ ತಂದಿದ್ದರೆ ಇಷ್ಟು ಕಷ್ಟ ಇರ್ತಿರಲಿಲ್ಲಮ್ಮ" ಎಂದರಂತೆ. ಕೊನೆಗೆ ನೀನು ಕೇಳಿದ್ದೀ: "ಅಕ್ಕಾ, ಬಟ್ಟೆಯೆಲ್ಲ ಸರಿಯಾಗೇ ಕೂರ್ತಿತ್ತಲ್ಲ, ನಂಗ್ಯಾಕೆ ಗೊತ್ತಾಗ್ಲಿಲ್ಲ?"

ಗೊತ್ತಾಗದ ಹಾಗೆ ಮಾಡಿದವಳು ನಾನು ಕಣೇ. ಆರು ತಿಂಗಳ ಅಳತೆಗೆ ಹೊಲಿದುಕೊಟ್ಟ ಫ್ರಾಕು ಅವಳ ಭುಜದಿಂದ ಜಾರುತ್ತಿತ್ತು. ನಿಮ್ಮತ್ತೆ "ಗೂಟಕ್ಕೆ ನೇತು ಹಾಕಿದ ಹಾಗಿದೆ, ಹಾಲು ಕುಡಿಸ್ತೀಯೋ ನೀರು ಕುಡಿಸ್ತೀಯೋ?" ಅಂದರೆಂದು ನೀನು ನನ್ನ ಅಂಗಡಿಗೆ ಬಂದು ಚೂರುಬಟ್ಟೆಯ ಮೂಟೆಯ ಮೇಲೆ ಗೊಳೋ ಎಂದು ಅಳುತ್ತ ಕೂತೆ. ನನಗೆ ಹೊಟ್ಟೆ ಉರಿಯಿತು. ನೀನು ಮುಖ ತೊಳೆದು ಬರುವಷ್ಟರಲ್ಲಿ ಫ್ರಾಕಿನ ಎರಡೂ ಪಕ್ಕ ಒಳಗೆ ಹಿಡಿದು ಹೊಲಿದುಬಿಟ್ಟೆ. ಆಮೇಲೆ ಅವಳ ಪ್ರತಿ ಬಟ್ಟೆಗೂ ಗುಟ್ಟಾಗಿ ಅದೇ ಕೆಲಸ. "ನೋಡಕ್ಕಾ, ಮೈ ತುಂಬ್ಕೊಂಡಿದ್ದಾಳೆ" ಎಂದು ನೀನು ಹಿಗ್ಗಿದಾಗ ನಾನೂ ಹೂಂಗುಟ್ಟಿದೆ.

ಇಪ್ಪತ್ತು ವರ್ಷ ಟೇಪು ಹಿಡಿದ ಕೈ ಇದು. ಎಂಟನೇ ತಿಂಗಳಲ್ಲಿ ಅಳೆದಾಗ ಎದೆ ಸುತ್ತಳತೆ ಐದನೇ ತಿಂಗಳಲ್ಲಿದ್ದಷ್ಟೇ ಇತ್ತು. ನೋಡಿದೆ, ಬಾಯಿ ಬಿಡಲಿಲ್ಲ. ನಿಮ್ಮತ್ತೆಯ ಬಾಯಿ ಮುಚ್ಚಿಸಿದೆನೆಂದು ಬೀಗಿದೆನಲ್ಲ, ನನ್ನ ಬುದ್ಧಿಗಿಷ್ಟು!

ಹಾಲು ಹಿಂಡಿ ಚಮಚದಲ್ಲಿ ಗಂಟೆಗಂಟೆಗೂ ಕೊಡಬೇಕೆಂದಿದ್ದೀಯಲ್ಲ, ಸೋಮವಾರ ಬರುತ್ತೇನೆ, ಇಬ್ಬರೂ ಸರದಿಯಲ್ಲಿ ಕುಡಿಸೋಣ. ಬೇಡ ಎಂದರೆ ಬಾಗಿಲಲ್ಲೇ ಕೂರುತ್ತೇನೆ. ನಿನ್ನ ಹಾಲಿಗೆ ಏನೂ ಆಗಿರಲಿಲ್ಲವೆಂದು ನಿಮ್ಮತ್ತೆಯ ಎದುರಿಗೇ ಹೇಳುತ್ತೇನೆ. ಕೂಸು ಆ ಒಂದು ಕಿಲೋ ಏರಲಿ, ನೂರು ಕಾಲ ಬಾಳಲಿ.

ನಿನ್ನ
ಅಕ್ಕ

ಮತ್ತೊಂದು ಮಾತು: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದೆ ಅಂತ ಬರೆದಿದ್ದೀ. ಇತ್ತು ಅಂತ ಹೇಳು. ನನ್ನ ಮೊದಲ ಕೂಸು ಜ್ವರ ಬಂದು ಹೋಯಿತೆಂದು ನಿನಗೆ ಹೇಳಿದ್ದೆವು. ನೀನಾಗ ನಾಲ್ಕನೇ ಕ್ಲಾಸು. ಜ್ವರವಲ್ಲ, ಹೃದಯ ಸರಿಯಿಲ್ಲ ಎಂದು ಕೊನೇ ದಿನ ಡಾಕ್ಟರು ಹೇಳಿದ್ದರು. ನಿನ್ನ ಮಗಳ ಅಳತೆ ಹಿಡಿದಾಗ ಅವನೇ ಕಣ್ಣಮುಂದೆ ಬಂದ. ಹೆದರಿ ಟೇಪು ಸುತ್ತಿಟ್ಟೆ. ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಅವನ ಹಣೆಯೆಲ್ಲ ಬೆವರುತ್ತಿತ್ತು. ಸೆಕೆಯಿರಬೇಕೆಂದು ನಾನು ಗಾಳಿ ಬೀಸುತ್ತ ಕೂತಿದ್ದೆ.