ಸುಣ್ಣ ಕೇಳಿದ ಗೋಡೆ

ದೊರೆಸಾನಿಯವರೇ,

ನಿಮ್ಮ ಗಾರೆ ಕೆಲಸದವಳ ನಮಸ್ಕಾರ. ಸೋಮವಾರ ನೀವು ಕೋಟೆಯನ್ನು ಹೋಟೆಲಿನವರಿಗೆ ಬರೆದುಕೊಡುತ್ತೀರಂತೆ, ನಿಮ್ಮ ತಮ್ಮನವರು ಫೋನಿನಲ್ಲಿ ಹೇಳಿದರು. ಸಹಿ ಹಾಕಬೇಡಿ. ಸುತ್ತಿಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನಿಮಗೂ ಗೊತ್ತು.

"ಗೋಡೆ ಅಳ್ತಾ ಇದೆ ಕಣೇ, ಇನ್ನೂ ಇಲ್ಲೇ ಇದ್ರೆ ನಾನೂ ಕರಗಿಹೋಗ್ತೀನಿ" ಎಂದು ಕೆಮ್ಮುತ್ತಾ ನೀವು ಕಾರು ಹತ್ತಿ ವರ್ಷವಾಯಿತು. ಮಲಗುವ ಕೋಣೆಯಲ್ಲಿದ್ದ ನಿಮ್ಮ ಮದುವೆಯ ಫೋಟೋಗೆ ಬೂಸ್ಟು ಹಿಡಿದು ದೊರೆಗಳ ಮೀಸೆಯಷ್ಟೇ ಉಳಿದಿತ್ತು. ಆಗಲೂ ನಕ್ಕಿರಿ: "ಇದ್ದದ್ದೂ ಅಷ್ಟೇ ಬಿಡು." ಕುಣಿಯಲು ಬಾರದವಳು ನೆಲ ಡೊಂಕು ಎಂದಂತೆ ನಾವೆಲ್ಲ ಕೋಟೆಯ ಬುಡದಲ್ಲಿರುವ ಸಮುದ್ರವನ್ನು ಬೈದೆವು.

ಸಮುದ್ರದ ತಪ್ಪಲ್ಲ. ನಿಮ್ಮ ಮಾವನವರ ಕಾಲದವರೆಗೂ ಪ್ರತಿ ವರ್ಷ ಮಳೆ ಮುಗಿದ ಮೇಲೆ ಗೋಡೆಗೆ ಸುಣ್ಣ ಬೀಳುತ್ತಿತ್ತು, ಮೊದಲ ಕೈ ದೊರೆಗಳದೇ. ನಿಮ್ಮ ಯಜಮಾನರಿಗೆ ಅದು ಮರ್ಯಾದೆಗೆ ಕಡಿಮೆ ಅನಿಸಿತು. "ದೊರೆ ಆದವನು ಸುಣ್ಣದ ಬಕೆಟ್ ಹಿಡೀಬೇಕಾ? ಒಂದೇ ಸಲ ಸಿಮೆಂಟ್ ಮೆತ್ತಿಬಿಡು" ಎಂದರು. ಮೆತ್ತಿದವನು ನನ್ನಪ್ಪ. ಸುಣ್ಣವಾದರೆ ಗೋಡೆ ಕುಡಿದ ನೀರನ್ನು ಆಚೆ ಬಿಡುತ್ತದೆ, ಸಿಮೆಂಟು ಒಳಗೇ ಕೂಡಿಹಾಕುತ್ತದೆ. ಅಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ದೊರೆಗಳೆದುರು ಬಾಯಿ ಬಿಡಲಿಲ್ಲ. ಅವನ ಮಗಳಾಗಿ ನನಗೆ ಅದೊಂದು ನಾಚಿಕೆ ಇದೆ.

ಅದಕ್ಕೇ ನೀವು ಹೊರಟ ಮರುವಾರವೇ, ನಿಮ್ಮನ್ನು ಕೇಳದೆ, ನಿಮ್ಮ ಕೋಣೆಯ ಹೊರಗೋಡೆಯ ಸಿಮೆಂಟನ್ನೆಲ್ಲ ಕಿತ್ತೆ. "ಕೋಟೆಯ ಸಿಪ್ಪೆ ಸುಲೀತಾಳೆ ನೋಡ್ರೋ" ಎಂದು ಮೀನುಗಾರರು ನಕ್ಕರು. ಕಲ್ಲು ಬೇಸಿಗೆಯುದ್ದಕ್ಕೂ ಗಾಳಿಗೆ ಒಣಗಿದ ಮೇಲೆ ಸುಣ್ಣದ ಗಾರೆ ಮಾಡಿದೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿರಿ. ಬಳಿಯುವ ಸುಣ್ಣವನ್ನು ನೀರಿನಲ್ಲಿ ಅರಳಿಸಿಟ್ಟಿದ್ದೇನೆ, ಮೊದಲ ಕೈ ನಿಮ್ಮದು. ಉಳಿದ ಗೋಡೆಗಳು ನನ್ನ ಪಾಲಿಗಿರಲಿ.

ಗೋಡೆ ಈಗ ಅಳುವುದಿಲ್ಲ. ನನ್ನ ಮಾತನ್ನು ನಂಬಬೇಕಾಗಿಲ್ಲ. ಈ ಹಾಳೆಯಲ್ಲಿ ಮೊದಲು "ದೊರೆಸಾನಿಯವರೇ" ಎಂದಷ್ಟೇ ಬರೆದು, ಕೋಣೆಯೊಳಗೆ ನಿಮ್ಮ ಮದುವೆಯ ಫೋಟೋ ಇದ್ದ ಜಾಗದಲ್ಲೇ ಗೋಡೆಗೆ ಒತ್ತಿ ಇಟ್ಟಿದ್ದೆ. ಜಡಿಮಳೆಯ ಹದಿನೈದು ದಿನ ಅದು ಅಲ್ಲೇ ಇತ್ತು. ಮಿಕ್ಕದ್ದನ್ನು ಇವತ್ತು ಬರೆದೆ. ಮೇಲೆ ನೋಡಿ, ಒಂದಕ್ಷರದ ಶಾಯಿಯೂ ಹರಡಿಲ್ಲ.

ಕೆಮ್ಮು ಬೇಗ ವಾಸಿಯಾಗಲಿ. ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ನಿಮ್ಮ ದಾರಿ ಕಾಯುತ್ತಾ,
ಗಾರೆಯವನ ಮಗಳು