ಸಿದ್ದಗಂಗಮ್ಮನ ಬಣ್ಣ

ತಿಪಟೂರು
೧೨-೩-೧೯೭೯

ಪೂಜ್ಯ ಮಾವ ಗಂಗಣ್ಣನವರಿಗೆ ಅಳಿಯ ಶ್ರೀರಂಗಯ್ಯನ ನಮಸ್ಕಾರಗಳು.

ನಿಮ್ಮ ಮಗಳು ಸಿದ್ದಗಂಗಮ್ಮನಿಗೆ ಈಗ ಗೋಡೆ ಹಿಡಿಯದೆ ಏಳಲು ಆಗುವುದಿಲ್ಲ. ಮೈಗೆ ಬಿಸಿಲೇ ಬೀಳದೆ ಮೂಳೆ ಮೆತ್ತಗಾಗಿದೆ ಎಂದು ಡಾಕ್ಟರು ಹೇಳಿದರು. ನಾವು ಅವಳನ್ನು ತಂದದ್ದು ಬಣ್ಣ ನೋಡಿ. ಅದು ಕೆಡಬಾರದೆಂದು ಮದುವೆಯಾದಂದಿನಿಂದ ಅವ್ವ ಅವಳನ್ನು ಹಿತ್ತಲಿಗೂ ಬಿಟ್ಟಿರಲಿಲ್ಲ.

"ಮಧ್ಯಾಹ್ನದ ಬಿಸಿಲು ಬೇಡ, ಚರ್ಮ ಸುಟ್ಟೀತು. ಬೆಳಿಗ್ಗೆ ಸ್ವಲ್ಪ ಹೊತ್ತು ಕೂರಿಸಿ, ಸಾಕು" ಎಂದರು ಡಾಕ್ಟರು. ಕೂರಿಸಿದೆವು. ಅವಳು ಕಣ್ಣು ಮುಚ್ಚಿಕೊಂಡು ಮುಖವನ್ನೇ ಬಿಸಿಲಿಗೆ ಒಡ್ಡಿದಳು.

"ಸಾಕು ಏಳೇ, ಮಸಿಯಾಗ್ತೀಯ" ಎಂದರು ಅವ್ವ.

"ಇನ್ನೊಂದ್ ಗಳಿಗೆ ಕೂತ್ಕತ್ತೀನಿ ಅತ್ತೆ, ಮೈಗೆ ಹಿತವಾಗೈತೆ" ಎಂದಳು.

ವಾರ ಕಳೆಯುವುದರೊಳಗೆ ಕೆನ್ನೆ ಕಪ್ಪಿಟ್ಟಿತು. ನನಗೆ ನೋಡಲಾಗಲಿಲ್ಲ, ನಿಲ್ಲಿಸಿದೆವು.

ಬರುವ ಸೋಮವಾರ ಗಾಡಿ ತಂದು ಅವಳನ್ನು ದಂಡಿನಶಿವರಕ್ಕೆ ಕರೆದೊಯ್ಯಿರಿ, ಬಸ್ಸು ಹತ್ತಲಾರಳು. ನಿಮ್ಮ ಅಂಗಳದಲ್ಲಿ ಎಷ್ಟು ಬೇಕಾದರೂ ಬಿಸಿಲು ಕಾಯಲಿ. ವಾಪಸು ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ.

ಮನೆಗೆಲಸ ಅವ್ವನೊಬ್ಬರಿಂದ ಆಗುವುದಿಲ್ಲ. ನಿಮ್ಮ ಚಿಕ್ಕ ಮಗಳು ಕೆಂಪಮ್ಮನ ವಿಷಯ ಯುಗಾದಿ ಕಳೆದ ಮೇಲೆ ಬಂದು ಮಾತಾಡುತ್ತೇನೆ. ಅವಳನ್ನು ತೋಟಕ್ಕೆ ಕಳಿಸುವುದನ್ನು ಇವತ್ತಿನಿಂದಲೇ ನಿಲ್ಲಿಸಿ.

ಇಂತಿ ನಿಮ್ಮ ಅಳಿಯ,
ಶ್ರೀರಂಗಯ್ಯ